ಎತ್ತಿನ ಮೈಯಿಂದ ಜೀಪಿನ ಮೈಗೆ

ನಾಟಿಯ ದುಡಿಮೆ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಕೊಡಗಿಗೆ ಕೈಲು ಮುಹೂರ್ತ ಬರುತ್ತದೆ. ಕೋವಿ ಕತ್ತಿಗಳನ್ನು ಶುಚಿಗೊಳಿಸಿ, ‘ತೋಕ್ ಪೂ’ ಎಂಬ ಕೋವಿಹೂ ಮುಡಿಸಿ ಪೂಜಿಸುವುದು, ಉತ್ತು ದಣಿದ ಎತ್ತುಗಳ ಮೈತೊಳೆದು ಉಪಚರಿಸುವುದು ಅಂದಿನ ಹಳೆಯ ವಾಡಿಕೆ. ಈಗ ತಿತಿಮತಿಯ ಅಂಗಳಗಳಲ್ಲಿ ಜೀಪು, ಲಾರಿಗಳೂ ಆ ಸಾಲಿಗೆ ಸೇರಿವೆ.

1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ನಾಲ್ಕು ಗಾಲಿಗಳಿಗೂ ಎಳೆತವಿದ್ದ ಆ ವಾಹನ ಕಾಫಿತೋಟದ ಕೆಸರಿಗೆ ಹೇಳಿಮಾಡಿಸಿದಂತಿತ್ತು. ಆದರೆ ಅಡಿಗೆ ಮೆತ್ತಿದ ಕೆಸರು ತೇವವನ್ನು ಹಿಡಿದಿಟ್ಟು ಉಕ್ಕಿಗೆ ತುಕ್ಕು ತರುತ್ತದೆ. ಎತ್ತಿನ ಮೈ ತಿಕ್ಕುವಾಗ ನೊಗದ ಹುಣ್ಣು ಕಣ್ಣಿಗೆ ಬೀಳುತ್ತಿತ್ತು. ಹಾಗೆಯೇ ಆ ಮಣ್ಣು ಕಳಚಿದ ಮೇಲೆಯೇ ಸ್ಪ್ರಿಂಗ್ ಪಟ್ಟಿಯ ಬಿರುಕು, ಬ್ರೇಕ್ ಆಯಿಲಿನ ಸೋರಿಕೆ ಕಾಣುತ್ತದೆ. ತೊಳೆಯುವುದೆಂದರೆ ಪರೀಕ್ಷಿಸುವುದೇ.

ತಿತಿಮತಿ ದಾಟಿದ ಹುಣಸೂರಿನ ದಾರಿ ನಾಗರಹೊಳೆಯ ಆನೆಗಾಡನ್ನು ಹೊಗುತ್ತದೆ. ಅಲ್ಲಿ ಸಂಜೆ ವಾಹನ ಕೆಟ್ಟು ನಿಂತರೆ ಇಳಿದು ನೋಡುವುದೂ ಅಪಾಯ. ಆದುದರಿಂದ ಅಂಗಳದಲ್ಲಿ ಸುರಿದ ನಾಲ್ಕು ಬಿಂದಿಗೆ ನೀರು ಬರಿಯ ಅಲಂಕಾರಕ್ಕಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಎತ್ತು ತೊಳೆದ ನೀರು ಗದ್ದೆಗೆ ಗೊಬ್ಬರವಾಗುತ್ತಿತ್ತು. ಎಣ್ಣೆ ಬೆರೆತ ಈ ನೀರು ತೋಡಿಗೆ ಇಳಿಯಬಾರದು.