ಹೊರಗಿನ ಊಟ, ಕೈಯಲ್ಲಿರುವ ಕಾಸು: ಎಡಪ್ಪಾಡಿ ಸೀಮೆಯವರಿಗೊಂದು ಮಾಹಿತಿ

ಎಡಪ್ಪಾಡಿ, ಜ. ಸೇಲಂ ನಗರದ ಪಶ್ಚಿಮಕ್ಕಿರುವ ಎಡಪ್ಪಾಡಿ ವಿದ್ಯುತ್ ಮಗ್ಗಗಳ ಊರು. ಇಲ್ಲಿ ಅಂಗಡಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಹಿಂದಿನ ತಲೆಮಾರಿಗೆ ಹೋಟೆಲ್ ಊಟ ಎಂದರೆ ಆಸ್ಪತ್ರೆ, ಕೋರ್ಟು ಅಥವಾ ಪ್ರಯಾಣದ ದಿನದ ಅನಿವಾರ್ಯ. ಈಗ ಹಾಗಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ, ಏನೂ ಕಾರಣವಿಲ್ಲದ ಭಾನುವಾರಕ್ಕೂ ಮನೆಮಂದಿ ಹೊರಗೆ ಊಟಕ್ಕೆ ಹೊರಡುತ್ತಾರೆ. ಊಟದ ಜೊತೆ ಒಂದಿಷ್ಟು ತಮಾಷೆಯೂ ಬೇಕು. ವಾರದ ಕೂಲಿಯಲ್ಲಿ ಬದುಕುವ ಮನೆಗೆ ಇದು ಸಣ್ಣ ಖರ್ಚಲ್ಲ. ಎಲ್ಲಿ ಏನು ಸಿಗುತ್ತದೆ, ಬಿಲ್ ಹೇಗೆ ಓದಬೇಕು, ಮಕ್ಕಳ ತಟ್ಟೆಯಲ್ಲಿ ಯಾವುದನ್ನು ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಮೊದಲು ನಮ್ಮ ಸುತ್ತಮುತ್ತ

ಸೇಲಂನ ಬೀದಿ ತಿಂಡಿಯಲ್ಲಿ ಮೊದಲ ಹೆಸರು ತಟ್ಟುವಡೆ ಸೆಟ್. ಎರಡು ಗರಿಗರಿ ತಟ್ಟುವಡೆಗಳ ನಡುವೆ ತುರಿದ ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿ, ಜೊತೆಗೆ ಕೆಂಪು ಮತ್ತು ಹಸಿರು ಚಟ್ನಿ. ನಿಂತಲ್ಲೇ ತಿಂದು ಮುಗಿಸುವ ತಿಂಡಿ. ಸಂಜೆಯಾದರೆ ಪರೋಟಾ ಅಂಗಡಿಗಳಲ್ಲಿ ಕೊತ್ತು ಪರೋಟಾದ ತಾಳ ಶುರು. ಕಾವಲಿಯ ಮೇಲೆ ಎರಡು ಕಬ್ಬಿಣದ ತಟ್ಟೆ ಬಡಿಯುವ ಆ ಸದ್ದೇ ಅಂಗಡಿಯ ಜಾಹೀರಾತು. ಹಗಲೆಲ್ಲ ಮಗ್ಗದ ಸದ್ದು ಕೇಳಿದವರಿಗೆ ರಾತ್ರಿ ಇದು ಬೇರೆಯೇ ರಾಗ.

ಕಾವೇರಿ ದಂಡೆಯ ಪೂಲಾಂಪಟ್ಟಿಯಿಂದ ಆಚೆ ದಡದ ನೆರಿಂಜಿಪೇಟೆಗೆ ದೋಣಿ ಉಂಟು. ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಿತು. ಅದನ್ನು ನೋಡಲು ಹೋದವರು ಹುರಿದ ಮೀನು ತಿನ್ನದೆ ಬರುವುದು ಕಡಿಮೆ.

ಹೊಗೇನಕಲ್: ಅಡುಗೆಯೇ ಆಟ

ಪೇಟೆಯ ಹೊಸ ಹೋಟೆಲ್‌ಗಳಲ್ಲಿ 'ನಿಮ್ಮ ಕಣ್ಣೆದುರೇ ಅಡುಗೆ' ಎಂಬ ಫಲಕ ಕಾಣುತ್ತದೆ. ಧರ್ಮಪುರಿ ಜಿಲ್ಲೆಯ ಹೊಗೇನಕಲ್‌ನಲ್ಲಿ ಇದು ಬಹಳ ಹಿಂದಿನಿಂದಲೂ ನಡೆದಿದೆ. ಹೊಗೆ, ಕಲ್ಲು ಎಂಬ ಎರಡು ಕನ್ನಡ ಪದ ಸೇರಿ ಆದ ಹೆಸರು ಅದು. ಧರ್ಮಪುರಿಯಿಂದ 46 ಕಿ.ಮೀ. ದೂರ. ಆಚೆ ದಡ ಕರ್ನಾಟಕ.

ಅಲ್ಲಿಯ ಪದ್ಧತಿ ಹೀಗಿದೆ. ಮೀನನ್ನು ನೀವೇ ಆರಿಸಿ ಕೊಳ್ಳುತ್ತೀರಿ. ಅಡುಗೆ ಮಾಡುವ ಹೆಂಗಸರ ಕೈಗೆ ಕೊಡುತ್ತೀರಿ. ಅವರು ಅದನ್ನು ತೊಳೆದು, ಮಸಾಲೆ ಅರೆದು, ಸೌದೆ ಒಲೆಯ ಮೇಲೆ ಸಾರು ಇಡುತ್ತಾರೆ. ಅಷ್ಟರಲ್ಲಿ ನೀವು ಎಣ್ಣೆ ತಿಕ್ಕಿಸಿಕೊಂಡು, ಸ್ನಾನ ಮಾಡಿ, ಹರಿಗೋಲಿನಲ್ಲಿ ಒಂದು ಸುತ್ತು ಹೋಗಿ ಬರಬಹುದು. ಬಂದ ಮೇಲೆ ಬಿಸಿ ಅನ್ನ, ಮೀನು ಸಾರು.

ಗಮನಿಸಬೇಕಾದ್ದು ಎರಡು. ಮೀನಿನ ಬೆಲೆ, ಅಡುಗೆ ಕೂಲಿ, ಹರಿಗೋಲು ಬಾಡಿಗೆ ಮೂರನ್ನೂ ಬೇರೆ ಬೇರೆಯಾಗಿ, ಮೊದಲೇ ಮಾತಾಡಿಕೊಳ್ಳಿ. ಕಾವೇರಿಯಲ್ಲಿ ಒಳಹರಿವು ಹೆಚ್ಚಾದಾಗ ಹರಿಗೋಲಿಗೂ ಸ್ನಾನಕ್ಕೂ ನಿಷೇಧ ಹಾಕುತ್ತಾರೆ. ಆದ್ದರಿಂದ ಮಳೆಗಾಲದಲ್ಲಿ ವಿಚಾರಿಸಿಕೊಂಡು ಹೊರಡಿ.

ಫ್ಯಾಶನ್ ಹೋಟೆಲ್‌ಗೆ ಕನ್ನಡಿಗರ ಕೈ

ತಮಿಳುನಾಡಿನಲ್ಲಿ ಹೋಟೆಲ್ ಊಟಕ್ಕೆ ಗೌರವ ತಂದವರಲ್ಲಿ ಕನ್ನಡ ಕರಾವಳಿಯ ಉಡುಪಿ ಸೀಮೆಯಿಂದ ಹೋದ ಕೆ. ಕೃಷ್ಣರಾವ್ ಪ್ರಮುಖರು. ಮದರಾಸಿನ ವುಡ್‌ಲ್ಯಾಂಡ್ಸ್ ಹೋಟೆಲ್ ಅವರದು. 1962ರಲ್ಲಿ ಅಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ನಲ್ಲಿ ಕಾರಿನಲ್ಲಿ ಕೂತೇ ದೋಸೆ ತಿನ್ನಬಹುದಿತ್ತು. ಆ ಕಾಲಕ್ಕೆ ಅದೇ ದೊಡ್ಡ ಮೋಜು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ.

ಬೆಂಗಳೂರಿಗೆ ಹೋಗುವವರಿಗೆ ಹೇಳುವುದಾದರೆ, ಎಂಟಿಆರ್ ಆರಂಭವಾದದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಮಾಡಿದ ಹೆಸರು ಅದಕ್ಕಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ನಿಂತು ತಿನ್ನುವ ದರ್ಶಿನಿ ಹೋಟೆಲ್‌ಗಳ ಯುಗ 1983ರಲ್ಲಿ ಜಯನಗರದಲ್ಲಿ ಶುರುವಾಯಿತು. ವಿ.ವಿ. ಪುರಂನ ತಿಂಡಿ ಬೀದಿ, ಚಳಿಗಾಲದ ಅವರೆಬೇಳೆ ಮೇಳ ಇವು ತಿನ್ನಲು ಮತ್ತು ನೋಡಲು ಎರಡಕ್ಕೂ ಇವೆ.

ಪರದೆಯ ಮೇಲಿನ ಊಟ

ಈ ಹುಚ್ಚಿಗೆ ಟಿವಿ, ಸಿನಿಮಾಗಳ ಪಾಲೂ ಇದೆ. 2009ರ ತಮಿಳು ಚಿತ್ರ 'ವೆಣ್ಣಿಲಾ ಕಬಡ್ಡಿ ಕುಳು'ವಿನಲ್ಲಿ ಪಂತ ಕಟ್ಟಿ ಪರೋಟಾ ತಿಂದ ನಟ ಸೂರಿಗೆ 'ಪರೋಟಾ ಸೂರಿ' ಎಂದೇ ಹೆಸರು ಬಂತು. ಪ್ರಕಾಶ್ ರೈ 2014ರಲ್ಲಿ ಒಂದೇ ಅಡುಗೆ ಕಥೆಯನ್ನು ಕನ್ನಡದಲ್ಲಿ 'ಒಗ್ಗರಣೆ', ತಮಿಳಿನಲ್ಲಿ 'ಉನ್ ಸಮೈಯಲ್ ಅರೈಯಿಲ್' ಎಂದು ತೆಗೆದರು. ನಮ್ಮಂಥ ಎರಡು ಭಾಷೆಯವರು ಎರಡನ್ನೂ ನೋಡಿ ಯಾವುದು ರುಚಿ ಎಂದು ಚರ್ಚಿಸಬಹುದು. ವಿಜಯ್ ಟಿವಿಯ 'ಕುಕ್ಕು ವಿತ್ ಕೋಮಾಳಿ' 2019ರಲ್ಲಿ ಬಂದ ಮೇಲೆ ಅಡುಗೆ ಎಂದರೆ ಹಾಸ್ಯ ಎಂಬಂತಾಯಿತು. ಪುದುಕ್ಕೋಟ್ಟೈ ಜಿಲ್ಲೆಯ ವಿಲೇಜ್ ಕುಕಿಂಗ್ ಚಾನೆಲ್ 2021ರಲ್ಲಿ 1 ಕೋಟಿ ಚಂದಾದಾರರನ್ನು ಮುಟ್ಟಿತು.

ಪರದೆಯ ಪಂತವನ್ನು ಮಕ್ಕಳು ನಿಜವಾದ ತಟ್ಟೆಯಲ್ಲಿ ಕಟ್ಟುತ್ತಾರೆ. ಗಡಿಯಾರ ಇಟ್ಟು ತಿನ್ನುವ ಆಟದಲ್ಲಿ ತುತ್ತು ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಇಂಥ ಸ್ಪರ್ಧೆಗೆ ಮಕ್ಕಳನ್ನು ಬಿಡದಿರುವುದೇ ಲೇಸು.

ಮಕ್ಕಳ ತಟ್ಟೆಯಲ್ಲಿ ನೋಡಬೇಕಾದ್ದು

ಹೊಗೆ ಬಿಸ್ಕತ್ತು: ಬಾಯಲ್ಲಿ ಹಾಕಿದರೆ ಮೂಗಿನಿಂದ ಹೊಗೆ ಬರುವ ತಿಂಡಿಗೆ ಬಳಸುವುದು ದ್ರವ ಸಾರಜನಕ. ಅದರ ಶೀತ ಸೊನ್ನೆಗಿಂತ ಕೆಳಗೆ 196 ಡಿಗ್ರಿ ಸೆಲ್ಸಿಯಸ್. ಅದು ಪೂರ್ತಿ ಆವಿಯಾಗುವ ಮೊದಲೇ ನುಂಗಿದರೆ ಬಾಯಿ, ಅನ್ನನಾಳ, ಹೊಟ್ಟೆಗೆ ಗಾಯವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಇದನ್ನು ತಿಂದ ಬಾಲಕ ಅಸ್ವಸ್ಥನಾದ. ನಂತರ ತಮಿಳುನಾಡು, ಕರ್ನಾಟಕ ಎರಡೂ ಕಡೆ ಅಧಿಕಾರಿಗಳು ಇದರ ವಿರುದ್ಧ ಆದೇಶ ಹೊರಡಿಸಿದರು.

ಬಣ್ಣ: ರೋಡಮೈನ್ ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿದ್ದರಿಂದ ತಮಿಳುನಾಡು 2024ರ ಫೆಬ್ರುವರಿಯಲ್ಲಿ ಬಾಂಬೆ ಮಿಠಾಯಿಯನ್ನು ನಿಷೇಧಿಸಿತು. ಕರ್ನಾಟಕ ಅದೇ ಮಾರ್ಚ್‌ನಲ್ಲಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನೂಲಿಗೆ ಬಣ್ಣ ಹಾಕುವ ಊರಿನವರಿಗೆ ಬಟ್ಟೆಯ ಬಣ್ಣ ಯಾವುದೆಂದು ಬೇರೆಯವರು ಹೇಳಬೇಕಿಲ್ಲ. ತಿಂದ ಮೇಲೆ ಬೆರಳಿಗೆ ಗಾಢ ಬಣ್ಣ ಹತ್ತಿದರೆ ಅನುಮಾನಪಡಿ.

ಶವರ್ಮಾ ಮತ್ತು ಮೇಯೊನೀಸ್: 2022ರ ಮೇನಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಒಬ್ಬ ವಿದ್ಯಾರ್ಥಿನಿ, 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ನಾಮಕ್ಕಲ್‌ನಲ್ಲಿ 14 ವರ್ಷದ ಬಾಲಕಿ ಶವರ್ಮಾ ತಿಂದ ನಂತರ ಅಸ್ವಸ್ಥರಾಗಿ ಸತ್ತರು. ಹಲವರು ಆಸ್ಪತ್ರೆ ಸೇರಿದರು. ಮಾಂಸ ಒಳಗಿನವರೆಗೆ ಬೇಯದಿದ್ದರೆ, ಬೆಂದದ್ದನ್ನು ಗಂಟೆಗಟ್ಟಲೆ ಹೊರಗೆ ಇಟ್ಟರೆ ರೋಗಾಣು ಬೆಳೆಯುತ್ತದೆ. ಹಸಿ ಮೊಟ್ಟೆಯ ಮೇಯೊನೀಸನ್ನು ತಮಿಳುನಾಡು 2025ರ ಏಪ್ರಿಲ್ 8ರಿಂದ ಒಂದು ವರ್ಷಕ್ಕೆ ನಿಷೇಧಿಸಿತು. ಹಸಿ ಮೊಟ್ಟೆಯದೇ ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಬೇಡ ಎನ್ನಿ.

ಬಿಲ್ ಓದುವುದು ಹೇಗೆ?

ಸಾಮಾನ್ಯ ಹೋಟೆಲ್‌ನಲ್ಲಿ ಎಸಿ ಇರಲಿ ಬಿಡಲಿ ಜಿಎಸ್‌ಟಿ ಶೇ. 5. ಬಿಲ್ಲಿನಲ್ಲಿ ಅದು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಎರಡು ಸಾಲಾಗಿರುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲ್‌ನವರು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ.

ಸೇವಾ ಶುಲ್ಕ ಬೇರೆ, ತೆರಿಗೆ ಬೇರೆ. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಿಲ್ಲಿನಲ್ಲಿ 14 ಅಂಕಿಗಳ ಆಹಾರ ಸುರಕ್ಷತಾ ಸಂಖ್ಯೆಯೂ ಇರಬೇಕು. ಊಟದಿಂದ ತೊಂದರೆಯಾದರೆ ಆ ಸಂಖ್ಯೆ ಬೇಕಾಗುತ್ತದೆ. ಬಿಲ್ ಎಸೆಯಬೇಡಿ.

ಯಾರು ಬೇಕಾದರೂ ಕೂರಬಹುದು

ಸಂವಿಧಾನದ 15ನೇ ವಿಧಿ ಹೋಟೆಲ್‌ಗಳ ಹೆಸರನ್ನೇ ಎತ್ತಿ ಹೇಳುತ್ತದೆ: ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಒಳಗೆ ಬಿಡದೆ ಇರುವಂತಿಲ್ಲ. ಆದರೂ 2024ರ ಫೆಬ್ರುವರಿಯಲ್ಲಿ ಧರ್ಮಪುರಿ ಜಿಲ್ಲೆಯಲ್ಲಿ ದಲಿತ ಕೃಷಿ ಕೂಲಿ ಹೆಂಗಸರಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಟ್ಟ ಇಬ್ಬರ ಬಂಧನವಾಯಿತು. ಪಕ್ಕದ ಮೇಜಿನಲ್ಲಿ ಯಾರು ಕೂತಿದ್ದಾರೆ ಎಂದು ಕೇಳದೆ ಎಲ್ಲರೂ ಒಂದೇ ಬಗೆಯ ಲೋಟದಲ್ಲಿ ಕುಡಿಯುವುದು ಹೋಟೆಲ್ ನಮಗೆ ಕಲಿಸಿದ ದೊಡ್ಡ ಪಾಠ. ಮಕ್ಕಳು ಊಟದ ಜೊತೆ ಅದನ್ನೂ ಕಲಿಯಲಿ.

ಎರಡು ಭಾಷೆಯ ಮೆನು

ಮನೆಯ ಮಾತು ಮತ್ತು ಮೆನುವಿನ ಮಾತು ಬೇರೆಯಾಗಿ ಹಿರಿಯರು ತಡವರಿಸುವುದುಂಟು. ಅವರಿಗಾಗಿ ಕೆಲವು ಜೋಡಿ ಪದಗಳು, ಮೊದಲು ಕನ್ನಡ, ನಂತರ ತಮಿಳು:

ರಾಗಿ ಮುದ್ದೆ - ಕೇಳ್ವರಗು ಕಳಿ
ಹುಳಿ - ಕುಳಂಬು
ತಿಳಿಸಾರು - ರಸಂ
ಪಲ್ಯ - ಪೊರಿಯಲ್
ಮೊಸರನ್ನ - ತಯಿರ್ ಸಾದಂ
ಮಜ್ಜಿಗೆ - ಮೋರ್
ಸಬ್ಬಕ್ಕಿ - ಜವ್ವರಿಸಿ
ಹಪ್ಪಳ - ಅಪ್ಪಳಂ

ಕೊನೆಯದಾಗಿ ಒಂದು ಮಾತು. ಮನೆಯಿಂದ ಹೊರಡುವ ಮೊದಲೇ ಇಂದು ಇಷ್ಟು ಖರ್ಚು ಎಂದು ನಿಶ್ಚಯಿಸಿ, ಮೆನುವಿನಲ್ಲಿ ಬೆಲೆ ನೋಡಿ, ಹಂಚಿಕೊಂಡು ತಿನ್ನಿ, ಉಳಿದದ್ದನ್ನು ಕಟ್ಟಿಸಿಕೊಳ್ಳಿ. ಬಿಸಿ ಸಾಂಬಾರಿಗೆ ಪ್ಲಾಸ್ಟಿಕ್ ಕವರ್ ಬೇಡ, ಮನೆಯ ಡಬ್ಬಿ ಕೊಂಡುಹೋಗಿ. ಮೇಜಿನ ಹತ್ತಿರ ಬಂದು ಹೊಗೆ, ಬೆಂಕಿ, ಬಣ್ಣ ತೋರಿಸುವವರಿಗೆ ಚಪ್ಪಾಳೆ ತಟ್ಟಿ. ಬಾಯಿಗೆ ಹಾಕುವ ಮುನ್ನ ಮಾತ್ರ ಅದೇನು ಎಂದು ಕೇಳಿ.