ಬಾಡ್ ಮತ್ತು ಬಿಟ್: ಎರಡು ಪಾರಿಭಾಷಿಕ ಪದಗಳ ಪೂರ್ವಕಥೆ

ತಂತಿ ಸಮಾಚಾರದ ಚರಿತ್ರೆಯಲ್ಲಿ ಫ್ರಾನ್ಸ್ ದೇಶದ ಎಮಿಲ್ ಬೋದೋ ಎಂಬಾತನ ಹೆಸರು ಸ್ಮರಣೀಯವಾದುದು. 1845ರಲ್ಲಿ ರೈತನ ಮಗನಾಗಿ ಹುಟ್ಟಿದ ಈತನು, ತಂತಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1874ರಲ್ಲಿ ನೂತನ ತಂತಿಪದ್ಧತಿಯೊಂದಕ್ಕೆ ಪೇಟೆಂಟು ಪಡೆದನು. ಮೋರ್ಸನ ಸಂಕೇತದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಳತೆ; ಬೋದೋವಿನದರಲ್ಲಿ ಪ್ರತಿಯೊಂದಕ್ಕೂ ಐದೇ ಸ್ಥಾನ, ಪ್ರತಿ ಸ್ಥಾನದಲ್ಲಿಯೂ ಎರಡರಲ್ಲೊಂದು ಸ್ಥಿತಿ. ಐದಕ್ಷರದ ಸುಪ್ರತಿಷ್ಠಾ ಛಂದದಲ್ಲಿ ಲಘುಗುರುಗಳ ಪ್ರಸ್ತಾರದಿಂದ 32 ವೃತ್ತಗಳು ಹುಟ್ಟುವುದನ್ನು ಛಂದಶ್ಶಾಸ್ತ್ರವನ್ನೋದಿದವರು ಬಲ್ಲರು. ಇಲ್ಲಿಯೂ ಲೆಕ್ಕವು ಅದೇ. ಸೆಕೆಂಡಿಗೆ ಎಷ್ಟು ಸಂಜ್ಞೆಗಳು ಸಾಗುವುವೆಂಬುದರ ಮಾನಕ್ಕೆ ಆತನ ಗೌರವಾರ್ಥವಾಗಿ ‘ಬಾಡ್’ ಎಂಬ ಹೆಸರಾಯಿತು.

‘ಬಿಟ್’ ಎಂಬುದಾದರೋ ಬೇರೆ. ದ್ವಿಮಾನ ಅಂಕಿ ಎಂಬರ್ಥದ ‘ಬೈನರಿ ಡಿಜಿಟ್’ ಎಂಬುದನ್ನು ಸಂಕ್ಷೇಪಿಸಿ ಜಾನ್ ಟ್ಯೂಕಿ ಸೂಚಿಸಿದ ಈ ಪದವನ್ನು ಕ್ಲಾಡ್ ಶಾನನ್ 1948ರ ತನ್ನ ಪ್ರಬಂಧದಲ್ಲಿ ಬಳಸಿದನು. ಅದು ಎಣಿಸುವುದು ಸಂಜ್ಞೆಯನ್ನಲ್ಲ, ಸಂಜ್ಞೆಯು ಹೊತ್ತ ಮಾಹಿತಿಯನ್ನು. ಸಂಜ್ಞೆಗೆ ಎರಡೇ ಸ್ಥಿತಿಗಳಿದ್ದಾಗ ಎರಡು ಲೆಕ್ಕವೂ ಸಮ. ನಾಲ್ಕು ಸ್ಥಿತಿಗಳಿದ್ದರೆ 600 ಬಾಡ್ ವೇಗದಲ್ಲಿಯೇ ಸೆಕೆಂಡಿಗೆ 1200 ಬಿಟ್‌ಗಳು ಸಾಗುತ್ತವೆ. ಆದುದರಿಂದ ಇವುಗಳನ್ನು ಪರ್ಯಾಯಪದಗಳೆಂದು ಬಳಸುವುದು, ಬಂಡಿಗಳನ್ನೆಣಿಸಿ ಧಾನ್ಯವನ್ನಳೆದೆವೆಂದು ಹೇಳಿದಂತೆಯೇ ಸರಿ.