ಬೆಸುಗೆಗೊಂದು ಸರದಿ

ಹಡಗುಗಳನ್ನು ರಿವೆಟ್ ಹೊಡೆದು ಕಟ್ಟುತ್ತಿದ್ದಾಗ ತಗಡು ಸೊಟ್ಟಗಾಗುವ ಚಿಂತೆ ಇಷ್ಟಿರಲಿಲ್ಲ. ಕಾಯಿಸುತ್ತಿದ್ದುದು ರಿವೆಟನ್ನು, ತಗಡು ಬಹುಮಟ್ಟಿಗೆ ತಣ್ಣಗೇ ಇರುತ್ತಿತ್ತು. 1920ರಲ್ಲಿ ಬ್ರಿಟನ್ನಿನ ಬರ್ಕನ್‌ಹೆಡ್‌ನಲ್ಲಿ ಪೂರ್ತಿ ಬೆಸುಗೆಯ ಫುಲ್ಲಾಗರ್ ಹಡಗು ಸಿದ್ಧವಾದ ಕಾಲಕ್ಕೆ ವಿದ್ಯುತ್ ಆರ್ಕ್‌ನ ಬೆಂಕಿ ತಗಡಿಗೇ ತಾಗತೊಡಗಿತ್ತು. ಒಂದು ಮೀಟರ್ ಉಕ್ಕು ನೂರು ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಆದರೆ ಬೆಸುಗೆಯ ಸಾಲು ಹಿಗ್ಗಲು ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಮೆತ್ತಗಾದ ಉಕ್ಕು ಅಲ್ಲೇ ಅದುಮಿಕೊಳ್ಳುತ್ತದೆ, ಆರುವಾಗ ಗಿಡ್ಡವಾಗಿ ಅಕ್ಕಪಕ್ಕವನ್ನೆಲ್ಲ ತನ್ನತ್ತ ಎಳೆಯುತ್ತದೆ. ಈ ಎಳೆತವನ್ನು ಪೂರ್ತಿ ಅಳಿಸಲಾಗದು, ಹಂಚಬಹುದು. ಅದನ್ನು ಹಂಚಿದ್ದು ಮೊದಲೇ ಗೊತ್ತುಮಾಡಿದ ಬೆಸುಗೆಯ ಸರದಿ ಎಂಬುದಕ್ಕೆ ಎರಡನೇ ಮಹಾಯುದ್ಧದ ಹಡಗುಕಟ್ಟೆಗಳೇ ಸಾಕ್ಷಿ.

1941ರಿಂದ 1945ರವರೆಗೆ ಅಮೆರಿಕ 2,700ಕ್ಕೂ ಹೆಚ್ಚು ಲಿಬರ್ಟಿ ಎಂಬ ಸರಕು ಹಡಗುಗಳನ್ನು ಕಟ್ಟಿತು. 1942ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ ಅವುಗಳಲ್ಲೊಂದಾದ ರಾಬರ್ಟ್ ಇ. ಪಿಯರಿ, ಕಟ್ಟತೊಡಗಿದ ಐದು ದಿನದೊಳಗೇ ನೀರಿಗಿಳಿಯಿತು. ದೊಡ್ಡ ಭಾಗಗಳನ್ನು ಬೇರೆಡೆ ಬೆಸೆದು, ಕ್ರೇನಿನಲ್ಲಿ ಎತ್ತಿತಂದು ಕೂಡಿಸುವ ಪದ್ಧತಿ ಅದು. ಒಂದು ಭಾಗ ಡೊಂಕಾದರೂ ಪಕ್ಕದ ಭಾಗಕ್ಕೆ ಅಂಚು ಕೂಡದು, ವೇಗವೆಲ್ಲ ಅಲ್ಲೇ ನಿಲ್ಲುತ್ತದೆ. ಅದಕ್ಕೇ ನಡುವಿನಿಂದ ಹೊರಕ್ಕೆ ಬೆಸೆಯುವುದು, ಅಡ್ಡ ಕೂಡುಗಳನ್ನು ಮುಗಿಸಿ ಉದ್ದ ಸಾಲಿಗೆ ಹೋಗುವುದು, ಉದ್ದ ಸಾಲನ್ನು ತುಂಡು ತುಂಡಾಗಿ ಹಿಮ್ಮುಖವಾಗಿ ಹಾಕುವುದು, ಎರಡೂ ಬದಿಯನ್ನು ಸಮನಾಗಿ ತುಂಬುವುದು ವೆಲ್ಡರ್‌ಗಳ ಕಟ್ಟಳೆಯಾಯಿತು. ಆರ್ಕ್ ಹಿಡಿದೇ ಗೊತ್ತಿರದ ಸಾವಿರಾರು ಹೆಂಗಸರಿಗೆ, ಗಂಡಸರಿಗೆ ಅಷ್ಟು ಹಡಗು ಕಟ್ಟಲು ಸಾಧ್ಯವಾದುದರಲ್ಲಿ ಈ ಕಟ್ಟಳೆಯ ಪಾಲು ದೊಡ್ಡದು.

ಸರದಿಯೇಕೆ, ಬಿಗಿಯಾದ ಕ್ಲ್ಯಾಂಪ್ ಸಾಲದೇ ಎಂದು ಕೇಳಬಹುದು. ಕ್ಲ್ಯಾಂಪ್ ಬೇಕೇ ಬೇಕು. ಆದರೆ ಅದು ತಡೆದ ಎಳೆತ ಲೋಹದೊಳಗೆ ಒತ್ತಡವಾಗಿ ಕೂರುತ್ತದೆ. ಹಿಡಿತ ಸಡಿಲಿಸಿದೊಡನೆ ಡೊಂಕು ಒಂದಿಷ್ಟು ಮರಳುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. 1943ರ ಜನವರಿ 16ರಂದು ಪೋರ್ಟ್‌ಲೆಂಡ್‌ನಲ್ಲಿ ಸ್ಕೆನೆಕ್ಟಡಿ ಎಂಬ ಬೆಸುಗೆಯ ತೈಲ ಹಡಗು ನಿಂತಲ್ಲೇ ಮುರಿಯಿತು. ಲಿಬರ್ಟಿ ಹಡಗುಗಳಲ್ಲೂ ಬಿರುಕು ಕಂಡವು. ಹಾಗಾದರೆ ಸರದಿ ಸೋತಿತೇ? ಆ ಕಾಲದ ಉಕ್ಕು ಚಳಿಯಲ್ಲಿ ಪೆಡಸಾಗುತ್ತದೆಂದು ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿದರು. ಲಿಬರ್ಟಿ ಹಡಗುಗಳ ಎಷ್ಟೋ ಬಿರುಕುಗಳು ಡೆಕ್ಕಿನ ಸರಕು ಬಾಯಿಗಳಾದ ಹ್ಯಾಚ್‌ಗಳ ಚೌಕ ಮೂಲೆಯಲ್ಲಿ ಹುಟ್ಟಿದ್ದವು. ಬಿರುಕು ತಡೆಯಲು ಒಳ್ಳೆಯ ಉಕ್ಕು, ಒಳ್ಳೆಯ ವಿನ್ಯಾಸ ಬೇಕಿತ್ತು. ಆಕಾರ ಕಾಯುವುದಷ್ಟೇ ಸರದಿಯ ಪಾಲಿನ ಕೆಲಸ. ಆ ಕೆಲಸವನ್ನು ಅದು ಮಾಡಿತು. ಹಾಗಾಗಿ ಬೆಸುಗೆ ಕಲಿಸುವವರು ಕೈಚಳಕದಷ್ಟೇ ಗೌರವವನ್ನು ಆರ್ಕ್ ಹೊತ್ತಿಸುವ ಮುನ್ನ ಕಾಗದದ ಮೇಲೆ ಗುರುತಿಸುವ ಕ್ರಮಕ್ಕೂ ಕೊಡಬೇಕು.